ಒಂದು ಹನಿ ಎಂಜಲು, ಇಡೀ ಮನೆತನದ ಗುಟ್ಟು

ಇವತ್ತು ರಾಜಕೀಯ ಸ್ವಲ್ಪ ಪಕ್ಕಕ್ಕಿಡೋಣ. ಎಂಜಲಿನ ಬಗ್ಗೆ ಮಾತಾಡೋಣ. ನಗಬೇಡಿ. ನಮ್ಮ ಮನೆಗಳಲ್ಲಿ ಎಂಜಲು ಅಂದ್ರೆ ಮುಟ್ಟಬಾರದ್ದು, ತೊಳೆದು ಹಾಕಬೇಕಾದ್ದು. ಈಗ ಅದೇ ಎಂಜಲನ್ನು ಕೊಳವೆಯಲ್ಲಿ ತುಂಬಿ, ಮೇಲಿಂದ ದುಡ್ಡೂ ಕೊಟ್ಟು, ಕೊರಿಯರ್ ಮಾಡುವ ಕಾಲ ಬಂದಿದೆ.

ಹೇಗೆ ಅಂತೀರಾ? ಮೊಬೈಲ್‌ನಲ್ಲಿ ಒಂದು ಕಿಟ್ ಆರ್ಡರ್ ಮಾಡ್ತೀರಿ. ಪುಟ್ಟ ಡಬ್ಬ ಮನೆಗೆ ಬರುತ್ತೆ. ಒಳಗೆ ಒಂದು ಪ್ಲಾಸ್ಟಿಕ್ ಕೊಳವೆ. ಗೆರೆಯ ತನಕ ಉಗುಳಿ, ಮುಚ್ಚಳ ಹಾಕಿ ವಾಪಸ್ ಕಳಿಸ್ತೀರಿ. ಕೆಲವು ವಾರ ಬಿಟ್ಟು ರಿಪೋರ್ಟ್ ಬರುತ್ತೆ. ಯಾವ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ, ಯಾವ ಔಷಧಿ ನಿಮ್ಮ ದೇಹಕ್ಕೆ ಒಗ್ಗಲ್ಲ, ನಿಮ್ಮ ಪೂರ್ವಜರು ಯಾವ ಕಡೆಯವರು, ಎಲ್ಲವೂ ಅದರಲ್ಲಿ. ಇದೇ ಮನೆಯಲ್ಲೇ ಮಾಡುವ ಡಿಎನ್‌ಎ ಪರೀಕ್ಷೆ. ನಮ್ಮ ದೇಶದ ಕಂಪನಿಗಳೂ ಮಾರ್ತಿವೆ. ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮ ಕರಾವಳಿಯ ಮಕ್ಕಳು ಅಲ್ಲಿನ ಕಂಪನಿಗಳಲ್ಲೂ ಮಾಡಿಸಿಕೊಳ್ತಾರೆ.

ಮಾಡಿಸಬೇಕಾ, ಬೇಡವಾ? ಒಂದೇ ಪದದ ಉತ್ತರ ಇಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಆ ಕೊಳವೆಯಲ್ಲಿ ಇರೋದು ನಿಮ್ಮೊಬ್ಬರದ್ದಲ್ಲ. ಅದರಲ್ಲಿ ನಿಮ್ಮ ತಾಯಿ ಇದ್ದಾರೆ, ತಂದೆ ಇದ್ದಾರೆ, ತಂಗಿ ಇದ್ದಾಳೆ, ಇನ್ನೂ ಹುಟ್ಟದ ಮೊಮ್ಮಗ ಇದ್ದಾನೆ. ಸಹಿ ಹಾಕಿದ್ದು ಮಾತ್ರ ನೀವೊಬ್ಬರೇ.

ಮಂಗಳೂರಿಗೆ ಡಿಎನ್‌ಎ ಅನ್ನೋ ಶಬ್ದವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 2010ರ ಮೇ 22. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕಮರಿಗೆ ಬಿತ್ತು. ವಿಮಾನದಲ್ಲಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. ಬದುಕಿದ್ದು 8 ಜನ. ಬೆಂಕಿಯಲ್ಲಿ ಸುಟ್ಟ ದೇಹಗಳು. ಮುಖ ನೋಡಿ ಗುರುತು ಹಿಡಿಯೋದು ಎಷ್ಟೋ ಮನೆಯವರಿಗೆ ಆಗಲಿಲ್ಲ. ಆಗ ಬಂಧುಗಳ ರಕ್ತದ ಮಾದರಿ ತೆಗೆದು ಹೈದರಾಬಾದಿನ ಸಿಡಿಎಫ್‌ಡಿಗೆ, ಅಂದರೆ ಕೇಂದ್ರ ಸರ್ಕಾರದ ಡಿಎನ್‌ಎ ಬೆರಳಚ್ಚು ಪ್ರಯೋಗಾಲಯಕ್ಕೆ ಕಳಿಸಲಾಯಿತು. ಆ ಪರೀಕ್ಷೆಯಿಂದ ಕೆಲವು ಮನೆಗಳಿಗೆ ತಮ್ಮವರು ಸಿಕ್ಕರು. ಕೊನೆಗೂ ಗುರುತು ಸಿಗದ 12 ದೇಹಗಳನ್ನು ಕೂಳೂರು ತಣ್ಣೀರುಬಾವಿ ಕಡೆ ಮಣ್ಣು ಮಾಡಬೇಕಾಯಿತು.

ಡಿಎನ್‌ಎ ಪರೀಕ್ಷೆ ಕೆಟ್ಟದ್ದು ಅಂತ ಮಂಗಳೂರಿನಲ್ಲಿ ನಿಂತು ಯಾರೂ ಹೇಳೋಕಾಗಲ್ಲ. ನಮ್ಮವರು ಅನ್ನೋ ಒಂದು ಮಾತನ್ನು ಖಚಿತ ಮಾಡಿ ಕೊಟ್ಟ ವಿದ್ಯೆ ಅದು.

ಆದರೆ ಒಂದು ವ್ಯತ್ಯಾಸ ಗಮನಿಸಿ. ಅವತ್ತು ರಕ್ತ ಕೇಳಿದವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಯಾತಕ್ಕೆ ಅನ್ನೋದೂ ಗೊತ್ತಿತ್ತು. ಪ್ರಶ್ನೆ ಒಂದೇ: ಈ ದೇಹ ನಮ್ಮವರದ್ದಾ? ಉತ್ತರವೂ ಒಂದೇ. ಮೂರನೇ ಪ್ರಶ್ನೆ ಒಂದು ಉಳಿಯುತ್ತೆ, ಆ ಮಾದರಿಯನ್ನು ಆಮೇಲೆ ಏನು ಮಾಡ್ತಾರೆ ಅನ್ನೋದು. ಮಗನನ್ನು ಕಳೆದುಕೊಂಡ ತಾಯಿ ಆ ಹೊತ್ತಿನಲ್ಲಿ ಅದನ್ನು ಕೇಳ್ತಾಳಾ? ಕೇಳಬೇಕಾದ್ದು ಅವಳಲ್ಲ, ಕಾನೂನು. ಆ ಕಾನೂನು ಅವತ್ತು ಇರಲಿಲ್ಲ. ಇವತ್ತು ಇದೆಯಾ? ಅದಕ್ಕೆ ಆಮೇಲೆ ಬರ್ತೀನಿ. ಯಾರು, ಯಾತಕ್ಕೆ, ಆಮೇಲೇನು? ಈ ಮೂರು ಪ್ರಶ್ನೆ ನೆನಪಿಟ್ಟುಕೊಳ್ಳಿ.

ಮೊದಲು ಲಾಭ ನೋಡೋಣ. ಲಾಭ ಇದೆ, ಸಣ್ಣದೇನಲ್ಲ.

ನಮ್ಮಲ್ಲಿ ನೂರಾರು ವರ್ಷಗಳಿಂದ ಸಮುದಾಯದ ಒಳಗೇ ಮದುವೆ ಆಗುತ್ತಾ ಬಂದಿದೆ. ಹಾಗಾದಾಗ ಕೆಲವು ವಂಶವಾಹಿ ದೋಷಗಳು ಆಯಾ ಸಮುದಾಯದಲ್ಲೇ ಉಳಿದುಬಿಡುತ್ತವೆ. ವಿಜ್ಞಾನಿಗಳು ಸಾಮಾನ್ಯವಾಗಿ ಕೊಡೋ ಉದಾಹರಣೆ ವೈಶ್ಯ ಸಮುದಾಯದ್ದು. ಆಪರೇಷನ್‌ಗೆ ಮೊದಲು ಸ್ನಾಯು ಸಡಿಲ ಮಾಡೋಕೆ ಕೊಡುವ ಒಂದು ಔಷಧಿ, ಸಕ್ಸಿನೈಲ್‌ಕೋಲಿನ್, ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿದು ಹೋಗುತ್ತೆ. ಆದರೆ ಅದನ್ನು ಕರಗಿಸುವ ಕಿಣ್ವದ ಕೊರತೆ ಇದ್ದವರಿಗೆ ಗಂಟೆಗಟ್ಟಲೆ ಇಳಿಯಲ್ಲ, ಉಸಿರಾಟಕ್ಕೆ ಯಂತ್ರ ಹಾಕಬೇಕಾಗುತ್ತೆ. ಆ ಸಮುದಾಯದಲ್ಲಿ ಈ ಕೊರತೆ ಉಳಿದವರಿಗಿಂತ ಹೆಚ್ಚು. ಮೊದಲೇ ಗೊತ್ತಿದ್ದರೆ ವೈದ್ಯರು ಬೇರೆ ಔಷಧಿ ಕೊಡ್ತಾರೆ. ಅಷ್ಟೇ. ಒಂದು ಜೀವ ಉಳಿಯಿತು.

ಸೋದರಮಾವನ ಮಗಳು, ಅತ್ತೆಯ ಮಗ, ಹೀಗೆ ಸಂಬಂಧದಲ್ಲೇ ಮದುವೆ ಮಾಡುವ ಮನೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಇಬ್ಬರೂ ಒಂದೇ ದೋಷದ ವಾಹಕರಾಗಿದ್ದರೆ, ಅವರಿಗೆ ಏನೂ ಕಾಯಿಲೆ ಇಲ್ಲದಿದ್ದರೂ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಜಾತಕ ತೋರಿಸೋಕೆ ಊರೂರು ತಿರುಗುವವರು ಈ ಪರೀಕ್ಷೆ ಬಗ್ಗೆಯೂ ಒಮ್ಮೆ ಯೋಚಿಸಬಹುದು. ತಾಯಿಗೂ ಚಿಕ್ಕಮ್ಮನಿಗೂ ಸ್ತನದ ಕ್ಯಾನ್ಸರ್ ಬಂದಿದ್ದರೆ ಮಗಳಿಗೆ ಮೊದಲೇ ಎಚ್ಚರ ಸಿಗಬಹುದು. ಸಣ್ಣ ಮಗುವಾಗಿದ್ದಾಗ ದತ್ತು ಹೋಗಿ ವಿದೇಶದಲ್ಲಿ ಬೆಳೆದವರಿಗೆ ರಕ್ತ ಸಂಬಂಧಿಯೊಬ್ಬರು ಸಿಗಬಹುದು. ಇದನ್ನೆಲ್ಲ ಹಗುರವಾಗಿ ತಳ್ಳಿಹಾಕಬಾರದು.

ಹಾಗಾದ್ರೆ ತರಿಸಿಕೊಳ್ಳೋಣ ಅಂತೀರಾ? ತಡೀರಿ.

2018ರಲ್ಲಿ ಅಮೆರಿಕದ 23 ಆಂಡ್ ಮಿ ಅನ್ನೋ ಕಂಪನಿಗೆ ಸ್ತನ ಕ್ಯಾನ್ಸರ್ ಅಪಾಯ ತಿಳಿಸುವ ಕಿಟ್ ಮಾರೋಕೆ ಅಲ್ಲಿನ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದು ನೋಡ್ತಿದ್ದದ್ದು ಎಷ್ಟು ದೋಷಗಳನ್ನು? ಮೂರು. ಆ ವಂಶವಾಹಿಗಳಲ್ಲಿ ಗೊತ್ತಿರುವ ದೋಷಗಳು ಸಾವಿರಕ್ಕೂ ಹೆಚ್ಚು. ಆ ಮೂರೂ ಪೂರ್ವ ಯುರೋಪಿನ ಯಹೂದಿ ಮೂಲದವರಲ್ಲಿ ಹೆಚ್ಚಾಗಿ ಕಾಣುವಂಥವು. ನಮ್ಮ ಬಂಟ್ವಾಳದ ಹೆಣ್ಣುಮಗಳೊಬ್ಬಳು ಅದನ್ನು ಮಾಡಿಸಿ, ಏನೂ ಇಲ್ಲ ಅಂತ ಬಂತು ಅಂದ್ಕೊಳ್ಳಿ. ನಿಶ್ಚಿಂತೆಯಿಂದ ಮಲಗಬಹುದಾ? ಆಗಲ್ಲ. ಅಪಾಯ ಇಲ್ಲ ಅಂತ ಆ ರಿಪೋರ್ಟ್ ಹೇಳೇ ಇಲ್ಲ. ಆ ಮೂರು ಇಲ್ಲ ಅಂತ ಮಾತ್ರ ಹೇಳಿದೆ.

ಇದರ ಉಲ್ಟಾ ಕೂಡ ಆಗುತ್ತೆ. ಇಂಥ ಕಿಟ್‌ಗಳ ಕಚ್ಚಾ ಮಾಹಿತಿಯಲ್ಲಿ ದೋಷ ಇದೆ ಅಂತ ಬಂದವರನ್ನು ಅಮೆರಿಕದ ಒಂದು ಲ್ಯಾಬ್ ಮತ್ತೆ ಪರೀಕ್ಷೆ ಮಾಡಿತು. 49 ಜನರ ಮಾದರಿ. 2018ರಲ್ಲಿ ಫಲಿತಾಂಶ ಪ್ರಕಟ ಆಯ್ತು. ಶೇಕಡಾ 40ರಷ್ಟು ದೋಷಗಳು ಇರಲೇ ಇಲ್ಲ! ಸುಳ್ಳು ಭಯ. ಆ ಭಯದಲ್ಲಿ ಯಾರೋ ಮದುವೆ ಮುರಿದುಕೊಂಡರೆ?

ಹಾಗಾಗಿ ಕಾಯಿಲೆಯ ಪ್ರಶ್ನೆ ಇದ್ದರೆ ಕೊರಿಯರ್ ಡಬ್ಬಕ್ಕಿಂತ ವೈದ್ಯರ ಕುರ್ಚಿ ಮೇಲು. ಮಣಿಪಾಲದ ಕೆಎಂಸಿಯಲ್ಲಿ ಇದಕ್ಕೇ ಅಂತ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಇದೆ, ಮಂಗಳೂರಿನಿಂದ ಬಸ್ಸಿನಲ್ಲಿ ಹೋಗಿ ಬರುವ ದೂರ. ಅಲ್ಲಿ ಮೊದಲು ಕೇಳೋದು ನಿಮ್ಮ ಮನೆತನದ ಕಥೆ. ಯಾರಿಗೆ ಏನಾಗಿತ್ತು, ಎಷ್ಟನೇ ವಯಸ್ಸಿನಲ್ಲಿ ಅಂತ. ಸಾಮಾನ್ಯವಾಗಿ ಕಾಯಿಲೆ ಬಂದವರನ್ನೇ ಮೊದಲು ಪರೀಕ್ಷೆ ಮಾಡ್ತಾರೆ, ಆಮೇಲೆ ಉಳಿದವರನ್ನು. ಫಲಿತಾಂಶ ಬಂದಾಗ ಎದುರು ಕೂತು ವಿವರಿಸೋಕೆ ಒಬ್ಬ ಮನುಷ್ಯ ಇರ್ತಾರೆ. ಕಿಟ್‌ನಲ್ಲಿ ನಡುರಾತ್ರಿ ಬರುವ ಮೇಲ್ ನಿಮ್ಮ ಕೈ ಹಿಡಿಯಲ್ಲ.

ಇನ್ನು ಎರಡನೇ ಆಸೆ. ಮೂಲ. ನಾವು ಯಾರು, ಎಲ್ಲಿಂದ ಬಂದವರು?

ತುಳುನಾಡಿನವರಿಗೆ ಈ ಪ್ರಶ್ನೆ ರಕ್ತದಲ್ಲೇ ಉಂಟು ಮಾರಾಯ್ರೇ. ಮೂಲ ನಾಗನ ಬನ ಎಲ್ಲಿ ಅಂತ ಹುಡುಕಿಕೊಂಡು ಬೊಂಬಾಯಿಯಿಂದ, ಬೆಂಗಳೂರಿನಿಂದ ಬರುವ ಕುಟುಂಬಗಳು ಎಷ್ಟಿಲ್ಲ? ಪ್ರಶ್ನೆ ಇಡಿಸ್ತಾರೆ, ಹಿರಿಯರನ್ನು ಕೇಳ್ತಾರೆ, ತರವಾಡು ಮನೆ ಹುಡುಕ್ತಾರೆ. ಅಳಿಯಸಂತಾನದವರಿಗೆ ಬರಿ ಬರೋದು ತಾಯಿಯಿಂದ. ಡಿಎನ್‌ಎಯಲ್ಲೂ ತಾಯಿಯಿಂದ ಮಾತ್ರ ಇಳಿದು ಬರುವ ಒಂದು ಭಾಗ ಇದೆ, ಮೈಟೋಕಾಂಡ್ರಿಯಾದ ಡಿಎನ್‌ಎ ಅಂತ. ಹಾಗಾದ್ರೆ ಕಿಟ್ ನಮ್ಮ ಬರಿ ಹೇಳಿಬಿಡುತ್ತಾ? ಇಲ್ಲ. ಅದು ಹೇಳೋದು ಸಾವಿರಾರು ವರ್ಷ ಹಿಂದಿನ ದೊಡ್ಡ ದೊಡ್ಡ ಗುಂಪುಗಳ ಹೆಸರು. ಮನೆಯ ಹೆಸರು, ಬನದ ಜಾಗ, ದೈವದ ಹೆಸರು ಅದಕ್ಕೆ ಗೊತ್ತಿಲ್ಲ.

ನಮ್ಮ ಊರಿನ ಮೇಲೆ ನಿಜವಾದ ವಿಜ್ಞಾನ ನಡೆದಿದೆ. 2021ರಲ್ಲಿ ಗೋವಾ, ಕುಮಟಾ, ಮಂಗಳೂರಿನ ರೋಮನ್ ಕ್ಯಾಥೊಲಿಕರ 110 ಜನರ ಡಿಎನ್‌ಎ ಅಧ್ಯಯನ ಪ್ರಕಟವಾಯಿತು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಅದರಲ್ಲಿದ್ದರು. ಗೌಡ ಸಾರಸ್ವತರ ಜೊತೆ ಹತ್ತಿರದ ಮೂಲ ಕಾಣುತ್ತೆ ಅಂತ ಹೇಳಿದರು. ಮಂಗಳೂರು, ಯೆನೆಪೋಯ ವಿಶ್ವವಿದ್ಯಾಲಯಗಳ ಸಂಶೋಧಕರು ಕೊರಗ ಸಮುದಾಯದಲ್ಲಿ ಸುಮಾರು 4,400 ವರ್ಷ ಹಳೆಯ, ದ್ರಾವಿಡ ಭಾಷೆಗಳ ಮೂಲದ ಜೊತೆ ನಂಟಿರಬಹುದಾದ ವಂಶದ ಎಳೆಯೊಂದನ್ನು ಗುರುತಿಸಿದರು. ಯಾರನ್ನು ಊರಿನ ಹೊರಗಿಟ್ಟಿದ್ದೆವೋ ಅವರಲ್ಲಿ ಈ ನೆಲದ ಅಷ್ಟು ಹಳೆಯ ಕಥೆ ಇದೆ ಅಂತ ಆಯ್ತು.

ಇಂಥ ಸಂಶೋಧನೆಗೂ ಕಿಟ್‌ಗೂ ಏನು ವ್ಯತ್ಯಾಸ? ಸಂಶೋಧನೆ ನೋಡೋದು ಗುಂಪನ್ನು. ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಫಲಿತಾಂಶ ಎಲ್ಲರೆದುರು ಚರ್ಚೆಗೆ ಬರುತ್ತೆ. ಕಿಟ್ ನೋಡೋದು ನಿಮ್ಮನ್ನು, ನಿಮ್ಮ ಹೆಸರು, ಇಮೇಲ್, ಕಾರ್ಡ್ ನಂಬರ್ ಸಮೇತ. ಅಲ್ಲಿಂದ ಅಪಾಯ ಶುರು.

ಮಗುವಿನ ಅರ್ಧ ಡಿಎನ್‌ಎ ತಾಯಿಯದ್ದು, ಅರ್ಧ ತಂದೆಯದ್ದು. ಒಡಹುಟ್ಟಿದವರಲ್ಲಿ ಸುಮಾರು ಅರ್ಧ ಒಂದೇ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಲ್ಲಿ ಸುಮಾರು ಎಂಟರಲ್ಲಿ ಒಂದು ಪಾಲು. ಅಂದ್ರೆ ನೀವು ಕಿಟ್‌ಗೆ ಉಗುಳಿದರೆ ನಿಮ್ಮ ಅಣ್ಣನ ಅರ್ಧ ಗುಟ್ಟನ್ನೂ ಕೊಟ್ಟ ಹಾಗೆ. ಅಣ್ಣನನ್ನು ಕೇಳಿದ್ರಾ?

ಇದು ಕಲ್ಪನೆ ಅಲ್ಲ. 1970, 80ರ ದಶಕಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಸರಣಿ ಹಂತಕ ಪೊಲೀಸರ ಕೈಗೆ ಸಿಗದೆ ತಪ್ಪಿಸಿಕೊಂಡಿದ್ದ. 2018ರ ಏಪ್ರಿಲ್‌ನಲ್ಲಿ ಸಿಕ್ಕಿಬಿದ್ದ. ಅವನು ಯಾವ ಕಿಟ್‌ಗೂ ಉಗುಳಿರಲಿಲ್ಲ. ಅವನ ದೂರದ ಸಂಬಂಧಿಕರ ಡಿಎನ್‌ಎ ಜೆಡ್‌ಮ್ಯಾಚ್ ಅನ್ನೋ ವೆಬ್‌ಸೈಟಿನಲ್ಲಿತ್ತು. ಕೊಲೆ ಜಾಗದ ಡಿಎನ್‌ಎಯನ್ನು ಪೊಲೀಸರು ಅದರ ಜೊತೆ ಹೋಲಿಸಿ, ವಂಶವೃಕ್ಷ ಬರೆದು ಅವನ ಮನೆ ಬಾಗಿಲಿಗೆ ಬಂದರು. ಆರೋಪಿ ಒಬ್ಬ ಮಾಜಿ ಪೊಲೀಸ್. 2020ರಲ್ಲಿ 13 ಕೊಲೆ ಒಪ್ಪಿಕೊಂಡ. ಒಳ್ಳೇದೇ ಆಯ್ತು, ಯಾರೂ ಬೇಸರ ಪಡಲ್ಲ. ಆದರೆ ಪಾಠ ಏನು? ನೀವು ಕೊಡದೇ ಇದ್ದರೂ ನಿಮ್ಮನ್ನು ಹುಡುಕಬಹುದು. ಹಂತಕನನ್ನು ಹುಡುಕಿದ ದಾರಿಯಲ್ಲೇ ಮನೆ ಬಿಟ್ಟು ಹೋಗಿ ಮದುವೆಯಾದ ಹುಡುಗಿಯನ್ನೂ, ಹೆಸರು ಹೇಳಬೇಡಿ ಅಂತ ವೀರ್ಯದಾನ ಮಾಡಿದವನನ್ನೂ ಹುಡುಕಬಹುದು.

ಕಂಪನಿಗಳು ಹೇಳ್ತವೆ, ಎಲ್ಲ ಭದ್ರ ಅಂತ. ನೋಡೋಣ. 2023ರಲ್ಲಿ 23 ಆಂಡ್ ಮಿಗೆ ಕನ್ನ ಬಿತ್ತು. ಕಳ್ಳರು ನೇರವಾಗಿ ಹೊಕ್ಕಿದ್ದು ಸುಮಾರು 14,000 ಖಾತೆಗೆ, ಬೇರೆ ಕಡೆ ಸೋರಿದ್ದ ಹಳೇ ಪಾಸ್‌ವರ್ಡ್ ಹಾಕಿ. ಮಾಹಿತಿ ಹೋಗಿದ್ದು ಸುಮಾರು 69 ಲಕ್ಷ ಜನರದ್ದು! ಹೇಗೆ? ಸಂಬಂಧಿಕರನ್ನು ತೋರಿಸುವ ಸೌಲಭ್ಯ ಇತ್ತಲ್ಲ, ಒಬ್ಬರ ಬಾಗಿಲು ತೆರೆದರೆ ನೂರಾರು ಬಂಧುಗಳ ಪಟ್ಟಿ ಸಿಗ್ತಿತ್ತು. ಯಹೂದಿ ಮೂಲದವರ ಪಟ್ಟಿ, ಚೀನೀ ಮೂಲದವರ ಪಟ್ಟಿ ಅಂತ ವಿಂಗಡಿಸಿ ಮಾರಾಟಕ್ಕಿಟ್ಟರು. ಯೋಚನೆ ಮಾಡಿ. ಜಾತಿ ಧರ್ಮದ ಹೆಸರಲ್ಲಿ ಕಲ್ಲು ತೂರಿದ್ದನ್ನು ಕಂಡ ಊರು ನಮ್ಮದು. ಇಲ್ಲಿ ಅಂಥ ಪಟ್ಟಿ ಯಾರ ಕೈಗೆ ಹೋಗಬಹುದು?

ಕಥೆ ಅಲ್ಲಿಗೇ ಮುಗಿಯಲಿಲ್ಲ. 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದರ ಆಸ್ತಿ ಏನು? ಕಟ್ಟಡ ಅಲ್ಲ, ಮೆಷಿನ್ ಅಲ್ಲ. 1.5 ಕೋಟಿ ಜನರ ಎಂಜಲಿನ ಮಾಹಿತಿ. ನಿಮ್ಮ ನಿಮ್ಮ ಮಾಹಿತಿ ಅಳಿಸಿಕೊಳ್ಳಿ ಅಂತ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಜನರಿಗೆ ಎಚ್ಚರಿಕೆ ಕೊಡಬೇಕಾಯ್ತು. ಹರಾಜಿನಲ್ಲಿ ಔಷಧಿ ಕಂಪನಿಯೂ ನಿಂತಿತ್ತು. ಕೊನೆಗೆ ಕಂಪನಿಯ ಸ್ಥಾಪಕಿಯೇ ಕಟ್ಟಿದ ಒಂದು ಲಾಭರಹಿತ ಸಂಸ್ಥೆ 30.5 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಬ್ಯಾಂಕ್ ಮುಳುಗಿದರೆ ದುಡ್ಡು ಹೋಗುತ್ತೆ, ದುಡಿದು ಮತ್ತೆ ಸಂಪಾದಿಸಬಹುದು. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು. ಡಿಎನ್‌ಎ ಬದಲಾಯಿಸ್ತೀರಾ?

ಈಗ ಇನ್ನೊಂದು ವಿಷಯ. ಹೇಳೋಕೆ ಮುಜುಗರ, ಆದರೂ ಹೇಳಲೇಬೇಕು. ಈ ಮಗು ನನ್ನದೇನಾ ಅಂತ ಗುಟ್ಟಾಗಿ ಪರೀಕ್ಷೆ ಮಾಡಿಸುವ ಗಂಡಸರು. ಮಗುವಿನ ಕೂದಲು, ಉಗುರು, ಹಲ್ಲುಜ್ಜುವ ಬ್ರಷ್ ಲಕೋಟೆಗೆ ಹಾಕಿ ಕಳಿಸ್ತಾರೆ. ಹೆಂಡತಿಗೆ ಗೊತ್ತಿಲ್ಲ. ಮಗುವಿಗೆ ಕೇಳೋ ವಯಸ್ಸೇ ಇಲ್ಲ.

ಇದರ ಬಗ್ಗೆ ಸುಪ್ರೀಂ ಕೋರ್ಟ್ ಏನು ಹೇಳಿದೆ ಗೊತ್ತಾ? ಮದುವೆ ಬಂಧನದಲ್ಲಿ ಹುಟ್ಟಿದ ಮಗು ಆ ದಂಪತಿಯದ್ದೇ ಅನ್ನೋದು ಕಾನೂನಿನ ಊಹೆ. ಅದನ್ನು ಅಲ್ಲಾಡಿಸೋಕೆ ಗಂಡ ಹೆಂಡತಿಗೆ ಸೇರುವ ಅವಕಾಶವೇ ಇರಲಿಲ್ಲ ಅಂತ ತೋರಿಸಬೇಕು. 2023ರ ಫೆಬ್ರವರಿಯಲ್ಲಿ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿತು. ವಿಚ್ಛೇದನದ ಜಗಳದಲ್ಲಿ ಡಿಎನ್‌ಎ ಪರೀಕ್ಷೆಯನ್ನು ಅಡ್ಡದಾರಿ ಮಾಡಿಕೊಳ್ಳಬಾರದು, ತನ್ನ ವಂಶವಾಹಿ ಮಾಹಿತಿಯನ್ನು ಕಾಪಾಡಿಕೊಳ್ಳೋ ಹಕ್ಕು ಮಗುವಿಗೂ ಇದೆ ಅಂತ. ಮನೆಯಲ್ಲಿ ಕೂತು ಕಳಿಸಿದ ಕೂದಲು ಯಾರದ್ದು ಅಂತ ಸಾಬೀತು ಮಾಡೋರು ಯಾರು? ಕೋರ್ಟಿನಲ್ಲಿ ಆ ರಿಪೋರ್ಟ್ ನಿಲ್ಲೋದು ಕಷ್ಟ. ಆದರೆ ಮನೆ ಮುರಿಯೋಕೆ ಅದು ಸಾಕು. ಹತ್ತು ವರ್ಷ ಅಪ್ಪಾ ಅಂತ ಕರೆದ ಮಗುವಿಗೆ ಒಂದು ಹಾಳೆ ತೋರಿಸಿ ಏನು ಹೇಳ್ತೀರಿ?

ಈಗ ಬಾಕಿ ಇಟ್ಟಿದ್ದ ಪ್ರಶ್ನೆಗೆ ಬರೋಣ. ಕಾನೂನು ಇದೆಯಾ?

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಅರ್ಜಿ ಹಾಕಿದವರು ಯಾರು? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದವರು. ಇಡೀ ದೇಶಕ್ಕೆ ಈ ಹಕ್ಕು ಖಚಿತವಾಗಿ ಸಿಕ್ಕಿದ್ದು ಒಬ್ಬ ಕನ್ನಡಿಗರ ಹೆಸರಿನ ಮೊಕದ್ದಮೆಯಲ್ಲಿ.

ಆಮೇಲೆ? 2019ರಲ್ಲಿ ಲೋಕಸಭೆಗೆ ಡಿಎನ್‌ಎ ತಂತ್ರಜ್ಞಾನ ಮಸೂದೆ ಬಂತು. ಸ್ಥಾಯಿ ಸಮಿತಿ 2021ರಲ್ಲಿ ವರದಿ ಕೊಟ್ಟಿತು, ದುರುಪಯೋಗದ ಆತಂಕ ಹೇಳಿತು. 2023ರ ಜುಲೈನಲ್ಲಿ ಸರ್ಕಾರ ಮಸೂದೆಯನ್ನೇ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಿಯಮ ಹೊರಬಿದ್ದಿದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರೋಕೆ ಅಲ್ಲಿಂದ 18 ತಿಂಗಳ ಗಡುವು. ಆ ಕಾಯ್ದೆಯಲ್ಲಿ ನಿಮ್ಮ ಫೋನ್ ನಂಬರ್‌ಗೂ ನಿಮ್ಮ ಡಿಎನ್‌ಎಗೂ ಪ್ರತ್ಯೇಕ ದರ್ಜೆ ಇಲ್ಲ. ಎರಡೂ ಬರೀ ದತ್ತಾಂಶ. ಒಪ್ಪಿಗೆ ಕೊಡೋದೂ ಒಬ್ಬ ವ್ಯಕ್ತಿ. ಕುಟುಂಬ ಅನ್ನೋದು ಆ ಲೆಕ್ಕದಲ್ಲೇ ಇಲ್ಲ.

ವಿಮೆ ವಿಷಯ? ವಂಶವಾಹಿ ಕಾಯಿಲೆ ಅನ್ನೋ ಒಂದೇ ನೆಪದಲ್ಲಿ ಸಾರಾಸಗಟಾಗಿ ವಿಮೆ ನಿರಾಕರಿಸೋದು ಸಂವಿಧಾನಕ್ಕೆ ವಿರುದ್ಧ ಅಂತ 2018ರಲ್ಲಿ ದೆಹಲಿ ಹೈಕೋರ್ಟ್ ಹೇಳಿತ್ತು. ಅಮೆರಿಕದಲ್ಲಿ 2008ರಿಂದ ಆರೋಗ್ಯ ವಿಮೆಗೆ, ಕೆಲಸಕ್ಕೆ ಈ ತಾರತಮ್ಯ ನಿಷೇಧಿಸುವ ಕಾನೂನೇ ಇದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಪೊಲೀಸರ ವಿಷಯ? 2022ರ ಕಾಯ್ದೆಯಲ್ಲಿ ಆರೋಪಿಗಳ ಜೈವಿಕ ಮಾದರಿಯ ವಿವರ 75 ವರ್ಷ ಇಟ್ಟುಕೊಳ್ಳಬಹುದು. ಇಟ್ಟುಕೊಳ್ಳೋಕೆ ಕಾನೂನು ಸಿದ್ಧ, ಕಾಪಾಡೋಕೆ ಮಾತ್ರ ಇನ್ನೂ ಪುರುಸೊತ್ತಿಲ್ಲ!

ನಮ್ಮ ಒತ್ತಾಯ ದೊಡ್ಡದೇನಲ್ಲ. ವಂಶವಾಹಿ ಮಾಹಿತಿಗೆ ಪ್ರತ್ಯೇಕ ರಕ್ಷಣೆ ಕೊಡಿ. ಕಿಟ್ ಮಾರುವ ಲ್ಯಾಬ್‌ಗೆ ಕಡ್ಡಾಯ ಪರವಾನಗಿ ಇರಲಿ. ಕಂಪನಿ ಮುಚ್ಚಿದರೆ ಮಾಹಿತಿ ಹರಾಜಿಗಲ್ಲ, ಅಳಿಸೋಕೆ ಹೋಗಬೇಕು. ಗುಟ್ಟಾಗಿ ಇನ್ನೊಬ್ಬರ ಮಾದರಿ ಕಳಿಸೋದು ಅಪರಾಧ ಆಗಬೇಕು. ಇಷ್ಟನ್ನು ನಿಮ್ಮ ಸಂಸದರ ಹತ್ತಿರ ಕೇಳಿ, ಓಟು ಕೇಳೋಕೆ ಬಂದಾಗಲಾದರೂ ಕೇಳಿ.

ಅಲ್ಲಿಯ ತನಕ ನೀವೇನು ಮಾಡಬಹುದು? ಬರೀ ಕುತೂಹಲಕ್ಕೆ, ಹಬ್ಬದ ಆಫರ್ ಬಂತು ಅಂತ ಮಾಡಿಸಬೇಡಿ. ಕಾಯಿಲೆಯ ಭಯ ಇದ್ದರೆ ವೈದ್ಯರ ಮೂಲಕ ಹೋಗಿ. ಕಿಟ್ ತರಿಸಲೇಬೇಕು ಅಂದರೆ ಷರತ್ತು ಓದಿ. ಸಂಶೋಧನೆಗೆ ಒಪ್ಪಿಗೆ ಅನ್ನೋ ಚೌಕಕ್ಕೆ ಕಣ್ಣು ಮುಚ್ಚಿ ಟಿಕ್ ಹಾಕಬೇಡಿ. ಸಂಬಂಧಿಕರನ್ನು ತೋರಿಸುವ ಸೌಲಭ್ಯ ಆಫ್ ಮಾಡಿ. ಬೇರೆ ಕಡೆ ಬಳಸಿದ ಪಾಸ್‌ವರ್ಡ್ ಹಾಕಬೇಡಿ. ರಿಪೋರ್ಟ್ ಬಂದ ಮೇಲೆ ಮಾದರಿ ನಾಶ ಮಾಡಿ, ಮಾಹಿತಿ ಅಳಿಸಿ ಅಂತ ಬರೆದು ಕೇಳಿ. ಮಕ್ಕಳದ್ದು ವೈದ್ಯರು ಹೇಳದೆ ಮಾಡಿಸಲೇಬೇಡಿ.

ಎಲ್ಲಕ್ಕಿಂತ ಮೊದಲು ಮನೆಯಲ್ಲಿ ಒಮ್ಮೆ ಕೂತು ಮಾತಾಡಿ. ಜಾಗ ಪಾಲು ಮಾಡುವಾಗ ಎಲ್ಲರ ಸಹಿ ಬೇಕು ಅಂತೀವಲ್ಲ? ಐದು ಸೆಂಟ್ಸ್ ಜಾಗಕ್ಕೆ ಅಷ್ಟು ಸಹಿ ಬೇಕಾದರೆ, ಇಡೀ ಮನೆತನದ ಡಿಎನ್‌ಎಗೆ ಒಬ್ಬರ ಸಹಿ ಸಾಕಾ?

ಯಾರು, ಯಾತಕ್ಕೆ, ಆಮೇಲೇನು? ಮೂರಕ್ಕೂ ಉತ್ತರ ಸಿಕ್ಕಿದರೆ ಮಾಡಿಸಿ. ಒಂದಕ್ಕೆ ಸಿಗದಿದ್ದರೂ ಕೊಳವೆಗೆ ಉಗುಳಬೇಡಿ.